ಎಂಬತ್ತೈದು–ಸೊನ್ನೆ

1939ರ ಅಕ್ಟೋಬರ್ 14, ಶನಿವಾರ. ಹಾರ್ವರ್ಡ್ ವಿರುದ್ಧದ ಫುಟ್‌ಬಾಲ್ ಪಂದ್ಯದಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ತಂಡ 61–0 ಅಂತರದಲ್ಲಿ ಸೋತುಹೋಯಿತು. ಹೋಗ್ಲಿ ಬಿಡಿ, ಎಂಥವರಿಗೂ ಒಂದು ಕೆಟ್ಟ ದಿನ ಅಂತ ಇರುತ್ತೆ. ಮುಂದಿನ ಶನಿವಾರ ಮಿಶಿಗನ್ ತಂಡ ಶಿಕಾಗೊಗೆ ಬಂತು. ಆಟ ಮುಗಿದಾಗ 85–0. ಎರಡು ವಾರಾಂತ್ಯದಲ್ಲಿ 146 ಪಾಯಿಂಟ್ ಬಿಟ್ಟುಕೊಟ್ಟ ತಂಡ ತಾನು ಒಂದೇ ಒಂದು ಪಾಯಿಂಟನ್ನೂ ಗಳಿಸಲಿಲ್ಲ.

ಇಲ್ಲಿ ಫುಟ್‌ಬಾಲ್ ಅಂದ್ರೆ ನಮ್ಮ ಕಾಲ್ಚೆಂಡಲ್ಲ, ಅಮೆರಿಕದವರದ್ದು. ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಮೊಟ್ಟೆಯಾಕಾರದ ಚೆಂಡು, ಒಬ್ಬರ ಮೇಲೊಬ್ಬರು ಬಿದ್ದು ಉರುಳಾಡೋ ಆಟ. ಚೆಂಡು ಹಿಡ್ಕೊಂಡು ಎದುರಾಳಿಯ ಕೊನೇ ಗೆರೆ ದಾಟಿದರೆ 6 ಪಾಯಿಂಟು, ಅದರ ಬೆನ್ನಿಗೇ ಒಂದು ಒದೆತ ಸರಿಯಾಗಿ ಬಿದ್ದರೆ ಇನ್ನೊಂದು. 85 ಆಗಬೇಕು ಅಂದ್ರೆ ಸುಮಾರು ಹನ್ನೆರಡು ಸಲ ಎದುರಾಳಿ ನಿಮ್ಮ ಮನೆ ಬಾಗಿಲು ತಳ್ಳಿಕೊಂಡು ಒಳಗೆ ಬಂದಿರಬೇಕು. ಅದೂ ಒಂದೇ ಮಧ್ಯಾಹ್ನದಲ್ಲಿ.

ಕಾಲೇಜು ತಂಡ ಸೋತರೆ ಊರಿಗೆ ಊರೇ ಮಂಕಾಗೋದು ನಮಗೆ ಸ್ವಲ್ಪ ವಿಚಿತ್ರ ಅನಿಸುತ್ತೆ. ಬಿಇ ಓದಿದ ನಾಲ್ಕು ವರ್ಷದಲ್ಲಿ ನಮ್ಮ ಕಾಲೇಜಿನ ಯಾವ ತಂಡ ಯಾವಾಗ ಎಲ್ಲಿ ಆಡಿತು ಅಂತ ನಮ್ಮ ಬ್ಯಾಚಿನಲ್ಲಿ ಯಾರನ್ನ ಕೇಳಿದರೂ ಉತ್ತರ ಸಿಗಲ್ಲ. ಊರಲ್ಲಿ ಹಾಗಲ್ಲ. ಪಕ್ಕದೂರಿನವರ ಎದುರು ವಾಲಿಬಾಲ್ ಸೋತರೆ ಒಂದು ವಾರ ಅರಳಿಕಟ್ಟೆ ಮೇಲೆ ಅದೇ ಮಾತು, ಆ ಕೊನೇ ಸರ್ವೀಸು ಔಟ್ ಹೋಗಿದ್ದು ಯಾರಿಂದ ಅಂತ ಮದುವೆ ಮನೆಯಲ್ಲೂ ಚರ್ಚೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಅರ್ಥ ಆಗಬೇಕಾದರೆ ಕಾಲೇಜನ್ನ ಮರೆತು ಊರನ್ನ ನೆನೆಸ್ಕೋಬೇಕು.

ಒಂದು ಪ್ರಾಜೆಕ್ಟಿನಲ್ಲಿ ನಮ್ಮ ಕ್ಲೈಂಟ್ ಕಡೆಯ ಮ್ಯಾನೇಜರ್ ಮಿಶಿಗನ್‌ನಲ್ಲಿ ಓದಿದವರು. ಸೆಪ್ಟೆಂಬರಿನಿಂದ ನವೆಂಬರ್ ತನಕ ನಮ್ಮ ಸೋಮವಾರ ಸಂಜೆಯ ಕಾಲ್ ಹೇಗಿರುತ್ತೆ ಅನ್ನೋದು ಅವರ ಶನಿವಾರ ಹೇಗಿತ್ತು ಅನ್ನೋದರ ಮೇಲೆ ನಿಂತಿರ್ತಿತ್ತು. ಗೆದ್ದಿದ್ದರೆ ಡೆಡ್‌ಲೈನ್ ಎರಡು ದಿನ ಮುಂದೆ ಹೋಗೋ ಸಾಧ್ಯತೆ ಇತ್ತು, ಸೋತಿದ್ದರೆ ಕೇಳೋದೇ ಬೇಡ. ಕಾಲೇಜು ಬಿಟ್ಟು ಇಪ್ಪತ್ತೈದು ವರ್ಷ ಆದಮೇಲೂ 'ನಾವು ಸೋತ್ವಿ' ಅಂತಲೇ ಹೇಳೋರು, 'ಅವರು ಸೋತ್ರು' ಅಂತ ಒಂದು ಸಲವೂ ಅಂದಿದ್ದಿಲ್ಲ. 85–0 ಕತೆ ನಾನು ಮೊದಲು ಕೇಳಿದ್ದು ಅವರಿಂದ, ಅಂದ್ರೆ ಗೆದ್ದವರ ಬಾಯಿಂದ. ಸೋತವರ ಕಡೆ ಏನಾಯ್ತು ಅಂತ ಆಮೇಲೆ ಓದ್ತಾ ಹೋದರೆ, ಅದು ಬೇರೆಯದೇ ದಾರಿ ಹಿಡಿದ ಕತೆ.

ಶಿಕಾಗೊ ಅಂದ ತಕ್ಷಣ ನಮಗೆಲ್ಲ ನೆನಪಾಗೋದು 1893 ಮತ್ತು ವಿವೇಕಾನಂದರು. ಆ ಸರ್ವಧರ್ಮ ಸಮ್ಮೇಳನ ಒಂದು ಭಾರೀ ವಸ್ತುಪ್ರದರ್ಶನದ ಜೊತೆಗೆ ನಡೆದದ್ದು. ಪ್ರದರ್ಶನದ ಜಾತ್ರೆ ಭಾಗ ಇತ್ತಲ್ಲ, ಜಗತ್ತಿನ ಮೊದಲ ಫೆರಿಸ್ ವೀಲ್ ತಿರುಗಿದ್ದು, ಅದು ಮಿಡ್‌ವೇ ಅನ್ನೋ ಉದ್ದನೆಯ ಬಯಲು. ಆ ಬಯಲಿನ ಪಕ್ಕದಲ್ಲೇ ಹಿಂದಿನ ವರ್ಷ, 1892ರಲ್ಲಿ, ರಾಕ್‌ಫೆಲ್ಲರ್ ಹಣದಿಂದ ಕಟ್ಟಿದ ಹೊಸ ವಿಶ್ವವಿದ್ಯಾಲಯವೊಂದು ಪಾಠ ಶುರು ಮಾಡಿತ್ತು. ಅದರ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್‌ಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಒಳ್ಳೆಯ ಪ್ರೊಫೆಸರುಗಳನ್ನ ತಂದರೆ ವಿದ್ವಾಂಸರಿಗೆ ಗೊತ್ತಾಗುತ್ತೆ, ಫುಟ್‌ಬಾಲ್ ಗೆದ್ದರೆ ದೇಶಕ್ಕೇ ಗೊತ್ತಾಗುತ್ತೆ. ಯೇಲ್‌ನಲ್ಲಿ ತನ್ನ ವಿದ್ಯಾರ್ಥಿಯಾಗಿದ್ದ ಏಮಸ್ ಅಲೊಂಜೊ ಸ್ಟ್ಯಾಗ್ ಅನ್ನೋ ಮೂವತ್ತರ ಹುಡುಗನನ್ನ ಕರೆಸಿ, ಅಧ್ಯಾಪಕನ ಹುದ್ದೆಯನ್ನೇ ಕೊಟ್ಟು, ಕೋಚ್ ಮಾಡಿದರು. ಆಗಿನ ಕಾಲಕ್ಕೆ ಕೋಚ್‌ಗೆ ಅಧ್ಯಾಪಕನ ಸ್ಥಾನ ಅನ್ನೋದು ಯಾರೂ ಕೇಳಿರದ ವಿಷಯ. ಮೊದಲ ವರ್ಷ ಆಟಗಾರರು ಸಾಲದೆ ಕೋಚೇ ಮೈದಾನಕ್ಕಿಳಿದು ಆಡಿದ್ದೂ ಉಂಟು.

ಪಾದ್ರಿಯಾಗಬೇಕು ಅಂತ ಓದಿದ್ದ ಸ್ಟ್ಯಾಗ್ ಅದನ್ನ ಬಿಟ್ಟು ಆಟಕ್ಕೆ ಬಂದವರು. ಕುಡಿತ ಇಲ್ಲ, ಸಿಗರೇಟಿಲ್ಲ, ಕೆಟ್ಟ ಮಾತಿಲ್ಲ. ತುಂಬಾ ಸಿಟ್ಟು ಬಂದರೆ ಆಟಗಾರನನ್ನ 'ಕತ್ತೆ' ಅಂತ ಕರೀತಿದ್ದರಂತೆ, ತಡೆಯಲಾರದಷ್ಟು ಬಂದರೆ 'ಡಬಲ್ ಕತ್ತೆ'. ಇಂಥ ಮನುಷ್ಯ ಅಲ್ಲಿ 41 ಸೀಸನ್ ಕೋಚ್ ಆಗಿದ್ದರು. ತಾನು ಬದುಕಿದ್ದಾಗಲೇ, ತಾನು ಕೆಲಸ ಮಾಡೋ ಮೈದಾನಕ್ಕೆ ತನ್ನದೇ ಹೆಸರಿಟ್ಟಿದ್ದನ್ನೂ ನೋಡಿದರು: ಸ್ಟ್ಯಾಗ್ ಫೀಲ್ಡ್.

ಆ ಮೈದಾನದ ಅತ್ಯಂತ ದೊಡ್ಡ ದಿನ 1905ರ ನವೆಂಬರ್ 30. ಎದುರಿಗೆ ಇದೇ ಮಿಶಿಗನ್. ಫೀಲ್ಡಿಂಗ್ ಯೋಸ್ಟ್ ಅನ್ನೋ ಕೋಚ್ ಕೈಕೆಳಗೆ ಆ ತಂಡ 1901ರಿಂದ ಸತತ 56 ಪಂದ್ಯಗಳಲ್ಲಿ ಸೋತೇ ಇರಲಿಲ್ಲ. ಆ ವರ್ಷ ಅಲ್ಲಿಯವರೆಗೆ 495 ಪಾಯಿಂಟ್ ಹೊಡೆದು, ಎದುರಾಳಿಗಳಿಗೆ ಒಂದೂ ಬಿಟ್ಟುಕೊಟ್ಟಿರಲಿಲ್ಲ. ನಾನೂರ ತೊಂಬತ್ತೈದು–ಸೊನ್ನೆ! 25 ಸಾವಿರಕ್ಕೂ ಹೆಚ್ಚು ಜನ ಚಳಿಯಲ್ಲಿ ಕೂತು ನೋಡಿದರು. ಎರಡು ಕಡೆಯೂ ಪಾಯಿಂಟಿಲ್ಲದೆ ಆಟ ಎಳೀತಾ ಹೋಯ್ತು. ಕೊನೆಗೆ ಶಿಕಾಗೊದವರು ಒದ್ದ ಚೆಂಡು ಮಿಶಿಗನ್ನಿನ ಗೆರೆಯ ಹಿಂದೆ ಹೋಗಿ ಬಿತ್ತು. ಅದನ್ನ ಹಿಡಿದ ಡೆನ್ನಿ ಕ್ಲಾರ್ಕ್ ಅನ್ನೋ ಹುಡುಗ ಅಲ್ಲೇ ನಿಂತುಬಿಟ್ಟಿದ್ದರೆ ಏನೂ ಆಗ್ತಿರಲಿಲ್ಲ. ಅವನು ಓಡಲು ನೋಡಿದ. ಶಿಕಾಗೊದವರು ಅವನನ್ನ ಹಿಡಿದು ಅವನದೇ ಗೆರೆಯ ಹಿಂದಕ್ಕೆ ತಳ್ಳಿದರು. ಹಾಗೆ ಸಿಕ್ಕಿಬಿದ್ದರೆ ಎದುರಾಳಿಗೆ 2 ಪಾಯಿಂಟು. ನಮ್ಮ ಕಡೆ ವೈಡ್ ಹಾಕಿ ಪಂದ್ಯ ಕಳಕೊಳ್ಳೋದಿದೆಯಲ್ಲ, ಹೆಚ್ಚೂಕಡಿಮೆ ಹಾಗೆ. ಪಂದ್ಯ ಮುಗಿದದ್ದೂ 2–0.

ಶಿಕಾಗೊದಲ್ಲಿ ಹಬ್ಬ. ಮಿಶಿಗನ್‌ನಲ್ಲಿ ಹುಡುಕಾಟ: ಯಾರು ಮಾಡಿದ್ದು? ಉತ್ತರ ಎಲ್ಲರ ಕಣ್ಣೆದುರೇ ಇತ್ತು. ಪತ್ರಿಕೆಗಳು ಕ್ಲಾರ್ಕ್‌ನ ಹೆಸರು ಹಿಡಿದೇ ಬರೆದವು. ಇಪ್ಪತ್ತೇಳು ವರ್ಷ ಕಳೆದ ಮೇಲೆ, 1932ರಲ್ಲಿ, ಆತ ಆತ್ಮಹತ್ಯೆ ಮಾಡಿಕೊಂಡರು. ಒಬ್ಬ ಮನುಷ್ಯನ ಸಾವಿಗೆ ಒಂದೇ ಕಾರಣ ಕಟ್ಟೋದು ತಪ್ಪು, ಅದೂ ಹದಿಹರೆಯ ಆಗಷ್ಟೇ ದಾಟಿದ್ದಾಗ ಆಡಿದ ಒಂದು ಪಂದ್ಯವನ್ನ. ಆದರೆ ಅವರು ಸತ್ತಾಗಲೂ ಆ ಎರಡು ಪಾಯಿಂಟಿನ ಕತೆ ಅವರ ಹೆಸರಿನ ಜೊತೆಗೇ ಅಂಟಿಕೊಂಡಿತ್ತು. ಅಭಿಮಾನಿಗಳ ನಿರಾಸೆಗೆ ಇಂಥದ್ದೊಂದು ಮುಖವೂ ಇದೆ. ಪಂದ್ಯ ಸೋತ ರಾತ್ರಿ ಆಟಗಾರನ ಫೋಟೋ ಕೆಳಗೆ ನಮ್ಮ ಜನ ಬರೆಯೋ ಮಾತುಗಳನ್ನ ನೋಡಿದಾಗೆಲ್ಲ ನನಗೆ ಈ ಹೆಸರು ನೆನಪಾಗುತ್ತೆ.

ಅದೇ 1905 ಕಾಲೇಜು ಫುಟ್‌ಬಾಲ್ ಸತ್ತೇ ಹೋಗಬೇಕಿದ್ದ ವರ್ಷವೂ ಹೌದು. ಮೈದಾನದಲ್ಲಿ ಹುಡುಗರು ನಿಜವಾಗಿ ಸಾಯ್ತಿದ್ದರು, ಆ ಒಂದು ವರ್ಷದಲ್ಲೇ ಹದಿನೆಂಟಕ್ಕೆ ಕಡಿಮೆಯಿಲ್ಲ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನ ಶ್ವೇತಭವನಕ್ಕೆ ಕರೆಸಿ ಸರಿಮಾಡ್ಕೊಳ್ಳಿ ಅಂದರು. ಕೊಲಂಬಿಯಾ ಆಟವನ್ನೇ ಬಿಟ್ಟಿತು, ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ರಗ್ಬಿಗೆ ಹೊರಳಿದವು. 1906ರಲ್ಲಿ ನಿಯಮ ಬದಲಾಗಿ, ಚೆಂಡನ್ನ ಮುಂದಕ್ಕೆ ಎಸೆಯಬಹುದು ಅಂತ ಆಯ್ತು, ಆಟ ಉಳೀತು. ಆಮೇಲೆ ಹಣ ಬಂತು, ರೇಡಿಯೋ ಬಂತು, ಶಿಕಾಗೊದಲ್ಲಿ ಸುಮಾರು 50 ಸಾವಿರ ಜನ ಕೂರೋ ಸ್ಟೇಡಿಯಂ ಬಂತು. ಮಧ್ಯ-ಪಶ್ಚಿಮದ ದೊಡ್ಡ ವಿಶ್ವವಿದ್ಯಾಲಯಗಳ ಕೂಟ, ಈಗ ಬಿಗ್ ಟೆನ್ ಅಂತ ಕರೆಯೋದು, ಅದರಲ್ಲಿ ಶಿಕಾಗೊ ಏಳು ಸಲ ಚಾಂಪಿಯನ್ ಆಯ್ತು. ಏಳನೆಯದು, ಕೊನೆಯದು, 1924ರಲ್ಲಿ.

1929ರಲ್ಲಿ ವಿಶ್ವವಿದ್ಯಾಲಯಕ್ಕೆ ಹೊಸ ಅಧ್ಯಕ್ಷ ಬಂದರು: ರಾಬರ್ಟ್ ಮೇನಾರ್ಡ್ ಹಚಿನ್ಸ್. ವಯಸ್ಸು 30. ನಮ್ಮಲ್ಲಿ ಆ ವಯಸ್ಸಿಗೆ ಟೀಮ್ ಲೀಡ್ ಆದರೆ ಅಪ್ಪ ಅಮ್ಮ ಊರೆಲ್ಲ ಹೇಳಿಕೊಂಡು ಬರ್ತಾರೆ. ಈ ಮನುಷ್ಯ ಬಂದವರೇ ಪದವಿಯ ಪಾಠವನ್ನ ತಲೆಕೆಳಗು ಮಾಡಿದರು. ಎಲ್ಲ ವಿದ್ಯಾರ್ಥಿಗಳೂ ವಿಜ್ಞಾನ, ಸಾಹಿತ್ಯ, ಸಮಾಜಶಾಸ್ತ್ರ ಎಲ್ಲದರ ಬುನಾದಿ ಓದಬೇಕು, ದೊಡ್ಡ ಪರೀಕ್ಷೆಗಳಲ್ಲಿ ಪಾಸಾಗಬೇಕು. ಫುಟ್‌ಬಾಲ್ ಹುಡುಗರಿಗೆ ಅಂತ ಸುಲಭದ ಕೋರ್ಸು ಇಲ್ಲ, ಆಟಕ್ಕೆ ಅಂತ ಹಣ ಕೊಡೋದಿಲ್ಲ. ಅತ್ತ ಮಿಶಿಗನ್, ಒಹಾಯೋ ಸ್ಟೇಟ್, ಇಲಿನಾಯ್ ಥರದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆಯೇ ಎಷ್ಟೋ ಪಟ್ಟು ಹೆಚ್ಚು. ದೊಡ್ಡ ಮೈಕಟ್ಟಿನ, ಪುಸ್ತಕದ ಕಡೆ ಅಷ್ಟೇನೂ ಒಲವಿಲ್ಲದ ಹುಡುಗ ಶಿಕಾಗೊಗೆ ಯಾಕಾದ್ರೂ ಬರ್ತಾನೆ?

1932ಕ್ಕೆ ಸ್ಟ್ಯಾಗ್‌ಗೆ 70 ತುಂಬಿತು. ನಿವೃತ್ತಿ ಅಂದರು. ಅವರಿಗೆ ಮನಸ್ಸಿರಲಿಲ್ಲ. ವಿಶ್ವವಿದ್ಯಾಲಯ ತೋರಿಸಿದ ಬೇರೆ ಕುರ್ಚಿ ಬೇಡ ಅಂದು, ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದ ಪೆಸಿಫಿಕ್ ಅನ್ನೋ ಸಣ್ಣ ಕಾಲೇಜಿಗೆ ಕೋಚ್ ಆಗಿ ಹೋದರು. ಅವರ ಜಾಗಕ್ಕೆ ಕ್ಲಾರ್ಕ್ ಶಾನೆಸಿ ಬಂದರು.

ಇಳಿಗಾಲದಲ್ಲೂ ಒಂದು ಮಿಂಚು ಇತ್ತು. ಜೇ ಬರ್ವ್ಯಾಂಗರ್. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡೋ ಟ್ರೋಫಿ, ಈಗ ಹೈಸ್‌ಮನ್ ಅಂತ ಕರೆಯೋದು, 1935ರಲ್ಲಿ ಮೊಟ್ಟಮೊದಲ ಸಲ ಬಂದದ್ದು ಇವರಿಗೆ. 1936ರಲ್ಲಿ ವೃತ್ತಿಪರ ಲೀಗ್ ಮೊದಲ ಸಲ ಡ್ರಾಫ್ಟ್ ಮಾಡಿದಾಗ ಮೊದಲು ಕೂಗಿದ ಹೆಸರೂ ಇವರದೇ. ಸಂಬಳದ ಮಾತು ಕುದುರದೆ ಅವರು ಒಂದು ದಿನವೂ ವೃತ್ತಿಪರ ಫುಟ್‌ಬಾಲ್ ಆಡಲಿಲ್ಲ, ಫೋಮ್ ರಬ್ಬರ್ ಮಾರೋ ಕೆಲಸಕ್ಕೆ ಸೇರಿದರು. ಟ್ರೋಫಿ ಅವರ ಚಿಕ್ಕಮ್ಮನ ಮನೆಯಲ್ಲಿ ಬಾಗಿಲು ಬಡಿಯದಂತೆ ಒತ್ತಿಡೋ ಭಾರವಾಗಿ ಬಹಳ ಕಾಲ ಕೆಲಸ ಮಾಡಿತು. 1934ರಲ್ಲಿ ಇವರನ್ನ ಹಿಡಿಯಲು ಹೋಗಿ ಎಡಗಣ್ಣಿನ ಕೆಳಗೆ ಗಾಯ ಮಾಡಿಕೊಂಡ ಮಿಶಿಗನ್ ಆಟಗಾರ ಜೆರಾಲ್ಡ್ ಫೋರ್ಡ್ ಮುಂದೆ ಅಮೆರಿಕದ ಅಧ್ಯಕ್ಷರಾದರು. ಕಲೆ ಕೊನೇವರೆಗೂ ಇತ್ತು.

ಬರ್ವ್ಯಾಂಗರ್ ಹೋದಮೇಲೆ ಕತ್ತಲೆ. 1938ರ ನವೆಂಬರಿನಲ್ಲಿ ಒಂದು ಪಂದ್ಯ ನಡೀತು. ಕ್ಯಾಲಿಫೋರ್ನಿಯಾದಿಂದ ಪೆಸಿಫಿಕ್ ಕಾಲೇಜು ಶಿಕಾಗೊಗೆ ಬಂತು, ಜೊತೆಗೆ 76 ವರ್ಷದ ಕೋಚ್ ಸ್ಟ್ಯಾಗ್. ಸ್ಟ್ಯಾಗ್ ಫೀಲ್ಡ್‌ನಲ್ಲಿ ಸ್ಟ್ಯಾಗ್ ಅತಿಥಿ. ಪೆಸಿಫಿಕ್ 32, ಶಿಕಾಗೊ 0. ಆ ದಿನ ಸ್ಟ್ಯಾಂಡಿನಲ್ಲಿ ಕೂತಿದ್ದ ಹಳೇ ಶಿಕಾಗೊ ವಿದ್ಯಾರ್ಥಿಯೊಬ್ಬ ಯಾರಿಗೆ ಚಪ್ಪಾಳೆ ಹೊಡೆದಿರಬಹುದು ಅಂತ ನಾನು ಬಹಳ ಸಲ ಯೋಚಿಸಿದ್ದೀನಿ. ಆರ್‌ಸಿಬಿ ಬಿಟ್ಟು ಹೋದ ಆಟಗಾರ ಬೇರೆ ಜೆರ್ಸಿ ಹಾಕ್ಕೊಂಡು ಬಂದು ಚಿನ್ನಸ್ವಾಮಿಯಲ್ಲಿ ನಮಗೇ ಬಾರಿಸಿದ ರಾತ್ರಿಗಳನ್ನ ಕಂಡವರಿಗೆ ಇದರ ರುಚಿ ಸ್ವಲ್ಪ ಗೊತ್ತಿರುತ್ತೆ. ಇದು ಅದಕ್ಕಿಂತ ಹೆಚ್ಚು ಕಹಿ. ಇಲ್ಲಿ ಎದುರಾಳಿ ಕೋಚ್‌ನ ಹೆಸರು ನಿಮ್ಮ ಗೇಟಿನ ಮೇಲೇ ಇದೆ.

ಆ ಡಿಸೆಂಬರಿನಲ್ಲೇ ಹಚಿನ್ಸ್ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಕಾಲೇಜು ಆಟದ ಹಣದ ವ್ಯವಹಾರದ ಬಗ್ಗೆ ಒಂದು ಲೇಖನ ಬರೆದರು. ಕಾಲೇಜುಗಳು ಆಟದಿಂದ ದುಡ್ಡು ಮಾಡೋದು ಬಿಡಬೇಕು, ಟಿಕೆಟ್ ದರ ಹತ್ತು ಸೆಂಟಿಗೆ ಇಳಿಸಬೇಕು ಅನ್ನೋದು ಅವರ ವಾದ. ಓದಿದರೆ ಇವತ್ತು ನಿನ್ನೆ ಬರೆದ ಹಾಗಿದೆ. ಈಗ ಮಿಶಿಗನ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರ್ತಾರೆ, ಕೋಚ್‌ಗಳ ಸಂಬಳ ನೋಡಿದರೆ ನಮ್ಮ ಸ್ಟಾರ್ಟಪ್ ಸಂಸ್ಥಾಪಕರೂ ನಾಚಬೇಕು.

ಹೀಗೆ 1939 ಬಂತು. ಸೀಸನ್ನಿನ ಮೊದಲ ಪಂದ್ಯದಲ್ಲೇ ಬೆಲಾಯ್ಟ್ ಅನ್ನೋ ಪುಟ್ಟ ಕಾಲೇಜಿಗೆ 6–0ಯಿಂದ ಸೋಲು. ಆಮೇಲೆ ವಾಬಾಶ್ ವಿರುದ್ಧ 12–2 ಗೆಲುವು. ನಂತರದ ಎರಡು ಶನಿವಾರಗಳ ಕತೆ ಮೊದಲೇ ಹೇಳಿದೆ. ಮಿಶಿಗನ್ ಕೋಚ್ ಫ್ರಿಟ್ಜ್ ಕ್ರೈಸ್ಲರ್ ಯಾರು ಅಂದ್ರೆ, ಶಿಕಾಗೊದಲ್ಲೇ ಸ್ಟ್ಯಾಗ್ ಕೈಕೆಳಗೆ ಆಡಿ, ಅಲ್ಲೇ ಸಹಾಯಕ ಕೋಚ್ ಆಗಿದ್ದವರು. ಅವರ ತಂಡದ ಟಾಮ್ ಹಾರ್ಮನ್ ಮುಂದಿನ ವರ್ಷ ಹೈಸ್‌ಮನ್ ಗೆದ್ದವನು. ಆಮೇಲೂ ನಿಲ್ಲಲಿಲ್ಲ. ವರ್ಜೀನಿಯಾ ವಿರುದ್ಧ 47–0, ಒಹಾಯೋ ಸ್ಟೇಟ್ ವಿರುದ್ಧ 61–0, ಇಲಿನಾಯ್ ವಿರುದ್ಧ 46–0. ಮಧ್ಯೆ ಒಬರ್ಲಿನ್ ಕಾಲೇಜನ್ನ ಮಾತ್ರ 25–0ಯಿಂದ ಸೋಲಿಸಿದರು. ಸೀಸನ್ನಿನ ಒಟ್ಟು ಲೆಕ್ಕ: ಹೊಡೆದದ್ದು 37, ಹೊಡೆಸಿಕೊಂಡದ್ದು 308. ಬಿಗ್ ಟೆನ್ ತಂಡಗಳ ಎದುರು ಮೂರು ಪಂದ್ಯ ಸೇರಿಸಿದರೆ 192–0.

ಈ ಸ್ಕೋರುಗಳ ಜೊತೆ ಆ ಹುಡುಗರನ್ನೂ ನೋಡಬೇಕು. ಸ್ಕಾಲರ್‌ಶಿಪ್ ಇಲ್ಲ, ಮುಂದೆ ಲೀಗ್ ಕಾಂಟ್ರ್ಯಾಕ್ಟ್ ಸಿಗೋ ಆಸೆಯಿಲ್ಲ. ಶುಕ್ರವಾರದ ತನಕ ಅರಿಸ್ಟಾಟಲ್ ಓದಿ ಶನಿವಾರ ತಮಗಿಂತ ಒಂದೂವರೆ ಪಟ್ಟು ಗಟ್ಟಿಯಿರೋರ ಎದುರು ನಿಂತು ಒದೆ ತಿನ್ನೋದು. 85–0 ಆದಮೇಲೂ ಸೋಮವಾರ ಪ್ರಾಕ್ಟೀಸಿಗೆ ಬರೋದು. ಅವರ ಬಗ್ಗೆ ನನಗೆ ಹಾರ್ಮನ್‌ಗಿಂತ ಹೆಚ್ಚು ಗೌರವ.

1939ರ ಡಿಸೆಂಬರ್ 21ರಂದು ವಿಶ್ವವಿದ್ಯಾಲಯದ ಟ್ರಸ್ಟಿಗಳು ಪ್ರಕಟಿಸಿದರು: ಇನ್ನು ಮುಂದೆ ಶಿಕಾಗೊ ಅಂತರಕಾಲೇಜು ಫುಟ್‌ಬಾಲ್ ಆಡುವುದಿಲ್ಲ. ದಿನಾಂಕ ಗಮನಿಸಿ. ಕ್ರಿಸ್‌ಮಸ್ ರಜೆ, ಹುಡುಗರೆಲ್ಲ ಊರಿಗೆ ಹೋಗಿರ್ತಾರೆ. ಕಂಪೆನಿಗಳು ಕಹಿ ಇಮೇಲನ್ನ ಶುಕ್ರವಾರ ಸಂಜೆ ಆರು ಗಂಟೆಗೆ ಕಳಿಸೋದನ್ನ ಯಾರಿಂದ ಕಲಿತವು ಅಂತ ಈಗ ಗೊತ್ತಾಯ್ತು. ಜನವರಿಯಲ್ಲಿ ವಿದ್ಯಾರ್ಥಿಗಳು ವಾಪಸು ಬಂದಾಗ ಹಚಿನ್ಸ್ ಮ್ಯಾಂಡೆಲ್ ಹಾಲ್‌ನಲ್ಲಿ ನಿಂತು ಯಾಕೆ ಹೀಗೆ ಮಾಡಿದೆವು ಅಂತ ವಿವರಿಸಿದರು. ಹಳೇ ವಿದ್ಯಾರ್ಥಿಗಳಲ್ಲಿ ಕೆಲವರು ಕೂಗಾಡಿದರು. ಕ್ಯಾಂಪಸ್ಸಿನಲ್ಲಿ ದೊಡ್ಡ ಗಲಾಟೆ ಏನೂ ಆಗಲಿಲ್ಲ.

ಈ ಗಲಾಟೆ ಆಗದೇ ಇದ್ದದ್ದೇ ನನಗೆ ಇಡೀ ಕತೆಯಲ್ಲಿ ಮುಖ್ಯ ಅನಿಸೋದು. 1905ರಲ್ಲಿ ಎರಡೇ ಎರಡು ಪಾಯಿಂಟಿನ ಸೋಲು ಒಬ್ಬ ಮನುಷ್ಯನ ಬೆನ್ನು ಇಪ್ಪತ್ತೇಳು ವರ್ಷ ಬಿಡಲಿಲ್ಲ. 1939ರ 85 ಪಾಯಿಂಟು ಯಾರ ಬೆನ್ನಿಗೂ ಬೀಳಲಿಲ್ಲ. 50 ಸಾವಿರ ಸೀಟಿನ ಸ್ಟೇಡಿಯಂ ಆಗಲೇ ಖಾಲಿ ಹೊಡೀತಿತ್ತು. ಕೋಪ ಮಾಡ್ಕೊಳ್ಳೋಕೂ ಜನ ಬೇಕಲ್ಲ? ವರ್ಷಾನುಗಟ್ಟಲೆ ಸೋತು ಸೋತು ಅಭಿಮಾನಿ ಮೊದಲು ಬೈದ, ಆಮೇಲೆ ಜೋಕ್ ಮಾಡಿದ, ಆಮೇಲೆ ಶನಿವಾರ ಬೇರೆ ಕೆಲಸ ಹುಡುಕಿಕೊಂಡ. ತಂಡ ಡಿಸೆಂಬರ್ 21ಕ್ಕೆ ಸತ್ತದ್ದಲ್ಲ. ಸೋಲು ನೋಯಿಸೋದು ಯಾವತ್ತು ನಿಂತಿತೋ ಅವತ್ತೇ ಮುಗಿದಿತ್ತು, ಟ್ರಸ್ಟಿಗಳು ಹಾಕಿದ್ದು ಸಹಿ ಮಾತ್ರ.

ಹಚಿನ್ಸ್ ಹೇಳಿದ್ದರಲ್ಲಿ ಬಹಳಷ್ಟು ನಿಜ ಅನ್ನೋದನ್ನ ನಾನು ಒಪ್ತೀನಿ. ಓದಿಸೋದು ವಿಶ್ವವಿದ್ಯಾಲಯದ ಕೆಲಸ. ಗೆಲ್ಲಬೇಕು ಅಂದ್ರೆ ಓದದ ಹುಡುಗರನ್ನ ಓದ್ತಾ ಇದ್ದಾರೆ ಅಂತ ತೋರಿಸಬೇಕು, ಆ ಸುಳ್ಳು ನಮಗೆ ಬೇಡ ಅನ್ನೋದು ಪ್ರಾಮಾಣಿಕ ನಿಲುವು. ಬೇರೆ ಎಷ್ಟೋ ವಿಶ್ವವಿದ್ಯಾಲಯಗಳು ಆ ಸುಳ್ಳನ್ನೇ ಹಾಸಿ ಹೊದ್ದು ದೊಡ್ಡವಾದವು. ಆದರೆ 1939ರ ಪಟ್ಟಿಯನ್ನ ಇನ್ನೊಂದು ಸಲ ನೋಡಿ. ಗೆದ್ದ ಎರಡು ಪಂದ್ಯ ಯಾವುವು? ವಾಬಾಶ್, ಒಬರ್ಲಿನ್. ತಮ್ಮ ಹಾಗೇ ಓದೋ ಹುಡುಗರಿರೋ ಸಣ್ಣ ಕಾಲೇಜುಗಳು. ಬೆಲಾಯ್ಟ್ ಎದುರು ಸೋತದ್ದೂ ಒಂದೇ ಟಚ್‌ಡೌನಿನಲ್ಲಿ. ಅಂದ್ರೆ ತಮ್ಮ ಸರೀಕರ ಜೊತೆ ಆಡಿದಾಗ ಈ ತಂಡ ಗೆಲ್ತಿತ್ತು, ಸೋಲ್ತಿತ್ತು, ಎಲ್ಲ ತಂಡಗಳ ಹಾಗಿತ್ತು. ಶಿಕಾಗೊ ಎದುರಿಗಿದ್ದ ಆಯ್ಕೆ 85–0 ಇಲ್ಲವೇ ಬಾಗಿಲು ಮುಚ್ಚೋದು, ಇವೆರಡೇ ಆಗಿರಲಿಲ್ಲ. ದೊಡ್ಡವರ ಕೂಟ ಬಿಟ್ಟು ಚಿಕ್ಕವರ ಜೊತೆ ಆಡೋ ಮೂರನೇ ದಾರಿ ಇತ್ತು. ಆ ದಾರಿ ಹಿಡಿಯೋಕೆ ಏಳು ಸಲ ಚಾಂಪಿಯನ್ ಆದವರಿಗೆ ಮನಸ್ಸು ಬರಲಿಲ್ಲ. ಅಂತಸ್ತು ಬಿಡಲಾರದೆ ಆಟ ಬಿಟ್ಟರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಟೆಸ್ಟ್ ಕೇಸ್ ಫೇಲಾಗ್ತಿದೆ ಅಂತ ಟೆಸ್ಟ್ ಕೇಸನ್ನೇ ಡಿಲೀಟ್ ಮಾಡಿದ ಹಾಗೆ. ರಿಪೋರ್ಟಲ್ಲಿ ಎಲ್ಲ ಹಸಿರು.

ಕೋಚ್ ಶಾನೆಸಿ ಕೆಲಸ ಕಳಕೊಂಡು ಸ್ಟ್ಯಾನ್‌ಫರ್ಡ್‌ಗೆ ಹೋದರು. ಸ್ಟ್ಯಾನ್‌ಫರ್ಡ್ 1939ರಲ್ಲಿ ಗೆದ್ದದ್ದು ಒಂದೇ ಪಂದ್ಯ. 308 ಪಾಯಿಂಟ್ ಹೊಡೆಸಿಕೊಂಡ ಕೋಚನ್ನ ತಗೊಂಡರಲ್ಲ ಅಂತ ಅಲ್ಲಿನ ಅಭಿಮಾನಿಗಳು ಎಷ್ಟು ಬೈದುಕೊಂಡಿರಬೇಕು! ಶಾನೆಸಿ ಅಲ್ಲಿ ಟಿ-ಫಾರ್ಮೇಶನ್ ಅನ್ನೋ ಹಳೇ ವ್ಯೂಹವನ್ನ ಹೊಸದಾಗಿ ಹೂಡಿದರು. 1940ರ ಸೀಸನ್ನಿನಲ್ಲಿ ಆಡಿದ ಹತ್ತಕ್ಕೆ ಹತ್ತೂ ಗೆದ್ದು, 1941ರ ಹೊಸ ವರ್ಷದ ದಿನ ನೆಬ್ರಾಸ್ಕಾವನ್ನ 21–13ರಿಂದ ಸೋಲಿಸಿ ರೋಸ್ ಬೌಲ್ ಎತ್ತಿದರು. ಮನುಷ್ಯ ಅವನೇ, ತಲೆ ಅದೇ, ಒಂದೇ ವರ್ಷದ ಅಂತರ.

ಖಾಲಿಯಾದ ಸ್ಟ್ಯಾಗ್ ಫೀಲ್ಡ್‌ಗೆ 1942ರಲ್ಲಿ ಬೇರೆ ಥರದ ತಂಡ ಬಂತು. ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಪಶ್ಚಿಮದ ಸ್ಟ್ಯಾಂಡಿನ ಕೆಳಗಿದ್ದ ರ‍್ಯಾಕೆಟ್ಸ್ ಕೋರ್ಟಿನಲ್ಲಿ ಗ್ರಾಫೈಟ್ ಇಟ್ಟಿಗೆ ಪೇರಿಸಿ, ಮಧ್ಯೆ ಯುರೇನಿಯಂ ಇಟ್ಟು, ಡಿಸೆಂಬರ್ 2ರ ಮಧ್ಯಾಹ್ನ ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿದರು. ಅದನ್ನ ಊರಾಚೆ ಕಾಡಿನಲ್ಲಿ ಮಾಡೋದು ಅಂತಿತ್ತು, ಅಲ್ಲಿ ಕಟ್ಟಡದ ಕೆಲಸ ತಡವಾಗಿ ಊರ ಮಧ್ಯೆಯೇ ಮಾಡಿದರು. ಯೋಜನೆಯ ಮುಖ್ಯಸ್ಥ ಆರ್ಥರ್ ಕಾಂಪ್ಟನ್, ಹಚಿನ್ಸ್ ಅವರ ಒಪ್ಪಿಗೆ ಕೇಳಲೇ ಇಲ್ಲ; ಕೇಳಿದರೆ ಬೇಡ ಅನ್ನದೆ ಅವರಿಗೆ ಬೇರೆ ದಾರಿ ಇರ್ತಿರಲಿಲ್ಲ ಅಂತ ಗೊತ್ತಿತ್ತು. ಫುಟ್‌ಬಾಲಿಗೆ ಜಾಗ ಇಲ್ಲ ಅಂದ ಅಧ್ಯಕ್ಷರ ಸ್ಟೇಡಿಯಂ ಕೆಳಗೆ ಅವರಿಗೇ ಹೇಳದೆ ರಿಯಾಕ್ಟರ್! ಶನಿವಾರ ಶನಿವಾರ 50 ಸಾವಿರ ಜನ ಮೇಲೆ ಕೂತು ಕೂಗ್ತಾ ಇದ್ದಿದ್ದರೆ ಫರ್ಮಿ ಎಲ್ಲಿಗೆ ಹೋಗ್ತಿದ್ದರೋ.

ಸ್ಟ್ಯಾಗ್ ಮಾತ್ರ 1946ರ ತನಕ ಪೆಸಿಫಿಕ್‌ನಲ್ಲಿ ಕೋಚ್ ಮಾಡ್ತಾನೇ ಇದ್ದರು. 1965ರಲ್ಲಿ ತೀರಿಕೊಂಡಾಗ 102 ವರ್ಷ. ಶಿಕಾಗೊ 1946ರಲ್ಲಿ ಬಿಗ್ ಟೆನ್ ಅನ್ನೂ ಪೂರ್ತಿ ಬಿಟ್ಟಿತು. 1963ರಲ್ಲಿ ಕೆಲವು ವಿದ್ಯಾರ್ಥಿಗಳು ಕ್ಲಬ್ ಲೆಕ್ಕದಲ್ಲಿ ಮತ್ತೆ ಫುಟ್‌ಬಾಲ್ ಶುರು ಮಾಡಿದಾಗ, ಉಳಿದ ವಿದ್ಯಾರ್ಥಿಗಳು ಮೈದಾನದ ಮಧ್ಯೆ ಕೂತು ಧರಣಿ ಮಾಡಿ ಆಟ ತಡೆದರು. ಫುಟ್‌ಬಾಲ್ ಬೇಡ ಅಂತ ಅಮೆರಿಕದಲ್ಲಿ ವಿದ್ಯಾರ್ಥಿಗಳ ಧರಣಿ! ಇಪ್ಪತ್ತನಾಲ್ಕು ವರ್ಷದಲ್ಲಿ ಅಭಿಮಾನ ಎಷ್ಟು ದೂರ ತಿರುಗಿಬಿಟ್ಟಿತ್ತು ನೋಡಿ. ಆದರೂ ಹುಡುಗರು ಬಿಡಲಿಲ್ಲ. 1969ರಲ್ಲಿ ವಿಶ್ವವಿದ್ಯಾಲಯ ತಂಡಕ್ಕೆ ಮತ್ತೆ ಅಧಿಕೃತ ಸ್ಥಾನ ಕೊಟ್ಟಿತು. ಈಗ ಅದು ಆಡೋದು ಡಿವಿಜನ್ ಮೂರರಲ್ಲಿ. ಅಲ್ಲಿ ಆಟಕ್ಕೆ ಅಂತ ಯಾರಿಗೂ ಸ್ಕಾಲರ್‌ಶಿಪ್ ಇಲ್ಲ, ಎದುರಾಳಿಗಳೂ ತಮ್ಮಂಥವರೇ. ಮೂರನೇ ದಾರಿ ಹಿಡಿಯೋಕೆ ಮೂವತ್ತು ವರ್ಷ ಬೇಕಾಯ್ತು.

ಈಗಿನ ಸ್ಟ್ಯಾಗ್ ಫೀಲ್ಡ್ ಸ್ವಲ್ಪ ದೂರದಲ್ಲಿದೆ, ಸಣ್ಣದು. ಹಳೆಯದರ ಪಶ್ಚಿಮದ ಸ್ಟ್ಯಾಂಡನ್ನ 1957ರಲ್ಲೇ ಕೆಡವಿದ್ದರು. ರಿಯಾಕ್ಟರ್ ಇದ್ದ ಜಾಗದಲ್ಲಿ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪವೊಂದಿದೆ. ಉಳಿದ ಮೈದಾನದ ಮೇಲೆ 1970ರಲ್ಲಿ ರೀಗನ್‌ಸ್ಟೈನ್ ಲೈಬ್ರರಿ ಎದ್ದಿತು. ಆ ಲೈಬ್ರರಿಯ ದಕ್ಷಿಣ ಏಷ್ಯಾ ವಿಭಾಗದಲ್ಲಿ ಕನ್ನಡ ಪುಸ್ತಕಗಳಿವೆ. ಅವು ಅಲ್ಲಿಗೆ ಹೋದ ಕತೆಯೂ ಚೆನ್ನಾಗಿದೆ. ಪಿಎಲ್-480 ಕಾನೂನಿನ ಪ್ರಕಾರ ನಾವು ತರಿಸಿಕೊಂಡ ಅಮೆರಿಕದ ಗೋಧಿಗೆ ರೂಪಾಯಿಯಲ್ಲಿ ಹಣ ಕೊಡ್ತಿದ್ದೆವು. ಆ ರೂಪಾಯಿಯಲ್ಲಿ ಒಂದು ಪಾಲು ಖರ್ಚಾದದ್ದು ಭಾರತದ ಭಾಷೆಗಳಲ್ಲಿ ಅಚ್ಚಾಗೋ ಪುಸ್ತಕ ಕೊಂಡು ಅಲ್ಲಿನ ಲೈಬ್ರರಿಗಳಿಗೆ ಕಳಿಸೋದಕ್ಕೆ. ಹಾಗೆ ಪುಸ್ತಕ ಪಡೆದ ವಿಶ್ವವಿದ್ಯಾಲಯಗಳಲ್ಲಿ ಶಿಕಾಗೊ ಒಂದು. ಮೈಸೂರಿನ ಎ. ಕೆ. ರಾಮಾನುಜನ್ 1962ರಲ್ಲಿ ಅಲ್ಲಿಗೆ ಹೋದಾಗ ಮೈದಾನ ಇನ್ನೂ ಇತ್ತು, ಸ್ಟ್ಯಾಗ್ ಇನ್ನೂ ಬದುಕಿದ್ದರು. ಧರಣಿ ನಡೆದದ್ದು ಅದರ ಮರುವರ್ಷ. 1993ರಲ್ಲಿ ತೀರಿಕೊಳ್ಳೋವರೆಗೆ ರಾಮಾನುಜನ್ ಅಲ್ಲೇ ಪಾಠ ಮಾಡಿದರು. ವಚನಗಳ ಇಂಗ್ಲಿಷ್ ಅನುವಾದ ಪ್ರಕಟವಾದದ್ದು 1973ರಲ್ಲಿ, ಲೈಬ್ರರಿ ತೆರೆದ ಮೂರು ವರ್ಷಕ್ಕೆ. ಬಸವಣ್ಣ, ಅಕ್ಕ, ಅಲ್ಲಮ ಈಗ ಅಲ್ಲಿ ಕಪಾಟಿನಲ್ಲಿದ್ದಾರೆ, ಡೆನ್ನಿ ಕ್ಲಾರ್ಕ್ ಚೆಂಡು ಹಿಡಿದು ಓಡಲು ನೋಡಿದ ನೆಲದ ಆಸುಪಾಸಿನಲ್ಲೇ ಎಲ್ಲೋ.